ಆಯಿಯ ಉಪವಾಸ

ಏಳನೇ ತರಗತಿಯಲ್ಲಿ ನನಗೆ ಹೆದರಿಕೆಯಾಗದ ವಸ್ತುವೇ ಇರಲಿಲ್ಲ. ಹಾಜರಿ ಕೂಗುವಾಗ ನನ್ನ ಹೆಸರು ಹತ್ತಿರ ಬಂದಂತೆಲ್ಲ ಬಾಯಿ ಒಣಗುತ್ತಿತ್ತು. ಪ್ರಾರ್ಥನೆಯ ಹೊತ್ತಿನಲ್ಲಿ ಪೇಪರಿನ ಸುದ್ದಿ ಓದುವ ಪಾಳಿ ಬಂದರೆ ಹಿಂದಿನ ದಿನವೇ ಹೊಟ್ಟೆ ತೊಳಸಲು ಶುರುವಾಗುತ್ತಿತ್ತು. ಒಂದು ಸಲ ಮೈಕಿನ ಮುಂದೆ ನಿಂತವಳು, ಸುದ್ದಿಯ ಬದಲು ಬೆಳಿಗ್ಗೆ ತಿಂದ ಅವಲಕ್ಕಿಯನ್ನೆಲ್ಲ ಮುಖ್ಯೋಪಾಧ್ಯಾಯಿನಿಯ ಸೀರೆಯ ನೆರಿಗೆಯ ಮೇಲೆ ಕಕ್ಕಿಬಿಟ್ಟೆ. ಇಡೀ ಶಾಲೆ ನಕ್ಕಿತು. ಮರುದಿನದಿಂದ ನಾನು ಬರುವುದು ಕಂಡರೆ ಹುಡುಗಿಯರು ಮೂಗು ಮುಚ್ಚಿಕೊಂಡು ದಾರಿ ಬಿಡುತ್ತಿದ್ದರು. ಅವರಲ್ಲಿ ಅರ್ಧ ಜನ ಬೆಳಗಾವಿಯ ನಮ್ಮ ಮಹಾಂತೇಶ ನಗರದವರೇ, ಸಂಜೆ ನಮ್ಮ ಮನೆಯ ಮುಂದೆ ಸೈಕಲ್ ಹೊಡೆಯುತ್ತಿದ್ದವರು.

ಅಪ್ಪ ಡಾಕ್ಟರರ ಹತ್ತಿರ ಕರೆದುಕೊಂಡು ಹೋದರು. ಡಾಕ್ಟರರು ನಾಲಿಗೆ ನೋಡಿ ಟಾನಿಕ್ ಬರೆದುಕೊಟ್ಟರು. ಅವ್ವ ಮಠಕ್ಕೆ ಹೋಗಿ ವಿಭೂತಿ ತಂದು ಹಣೆಗೆ ಹಚ್ಚಿದಳು. ಟಾನಿಕ್ಕಿನಿಂದ ಹಸಿವು ಹೆಚ್ಚಿತೇ ಹೊರತು ಅಂಜಿಕೆ ಹಾಗೇ ಉಳಿಯಿತು. ಆ ವರ್ಷದ ಬೇಸಿಗೆ ರಜೆಯ ಮೊದಲಲ್ಲಿ ನಂದಗಡದಿಂದ ನನ್ನ ಸೋದರಮಾವ ಮನೆಗೆ ಬಂದಿದ್ದ. ನಾನು ಅವನನ್ನು ಮಾಮಾ ಎನ್ನುತ್ತಿದ್ದೆ. ಚಹಾ ಕುಡಿಯುತ್ತ ನನ್ನ ಕತೆಯನ್ನೆಲ್ಲ ಕೇಳಿ, ಇದೇನು ದೊಡ್ಡ ಮಾತು, ರಜೆ ಮುಗಿಯುವ ತನಕ ನನ್ನ ಹತ್ತಿರ ಬಿಡಿ ಎಂದ.

“ಅಂಜಿಕಿ ಅನ್ನೂದು ಹೊಟ್ಟ್ಯಾಗ ಇರ್ತೈತಿ. ಬಾವಿ ನೀರ ಕುಡಿಸಿದ್ರ ತಾನ ಹೊರಗ ಬರ್ತೈತಿ. ನನ್ನ ಮಗಳನ್ನ ನೋಡ್ರಿ ಬೇಕಾದ್ರ.”

ಮಾಮಾನ ಮಗಳು ನನಗಿಂತ ಒಂದು ವರ್ಷ ಚಿಕ್ಕವಳು, ಆರನೇ ತರಗತಿ. ಅವಳೂ ಮೊದಲು ನನ್ನ ಹಾಗೇ ಇದ್ದಳಂತೆ, ಬಾವಿಗೆ ಎಸೆದ ಮೇಲೆ ಹುಲಿಯಾದಳಂತೆ. ಅಪ್ಪ ಅನುಮಾನದಿಂದ ಅವ್ವನ ಮುಖ ನೋಡಿದರು. ಅವ್ವನಿಗೆ ತವರಿನವರು ಹೇಳಿದ್ದೆಂದರೆ ಮುಗಿಯಿತು, ಅದಕ್ಕೆ ಎರಡು ಮಾತಿಲ್ಲ. ಸಂಜೆಗೆ ನನ್ನ ಬಟ್ಟೆ ಚೀಲ ತಯಾರಾಗಿತ್ತು. ಖಾನಾಪುರದಲ್ಲಿ ಬಸ್ಸು ಬದಲಿಸಿ ನಂದಗಡ ಮುಟ್ಟುವ ತನಕ ಮಾಮಾ ದಾರಿಯುದ್ದಕ್ಕೂ ಕಡಲೆ ತಿನ್ನಿಸುತ್ತ ತಮಾಷೆ ಮಾಡುತ್ತ ಬಂದ. ಕೆಟ್ಟವನೇನಲ್ಲ ಅವನು. ಕೆಟ್ಟವನಾಗಿದ್ದರೆ ನನಗೂ ಬೈಯಲು ಸುಲಭವಾಗುತ್ತಿತ್ತು.

ಹುಲಿಯಾಗಿದ್ದಾಳೆ ಎಂದಿದ್ದ ಹುಡುಗಿಯನ್ನು ಹೋದ ಮರುದಿನವೇ ನೋಡಿದೆ. ಈಜುವುದರಲ್ಲಿ ಸುಳ್ಳಿರಲಿಲ್ಲ. ಬಾವಿಯ ದಂಡೆಯಿಂದ ತಲೆಕೆಳಗಾಗಿ ಹಾರಿ, ತಳದ ಕೆಸರು ಮುಷ್ಟಿಯಲ್ಲಿ ಹಿಡಿದು ಮೇಲೆ ಬರುತ್ತಿದ್ದಳು. ಆದರೆ ತನ್ನ ಹತ್ತೂ ಬೆರಳಿನ ಉಗುರುಗಳನ್ನು ರಕ್ತ ಬರುವ ಹಾಗೆ ಕಚ್ಚಿಕೊಂಡಿದ್ದಳು. ತನ್ನ ಅಪ್ಪನ ಮೋಟಾರ್ ಸೈಕಲ್ಲಿನ ಸದ್ದು ಓಣಿಯ ತಿರುವಿನಲ್ಲಿ ಕೇಳಿದರೆ ಸಾಕು, ಆಡುತ್ತಿದ್ದ ಮಾತನ್ನು ಅರ್ಧಕ್ಕೆ ಬಿಟ್ಟು ಎದ್ದು ನಿಲ್ಲುತ್ತಿದ್ದಳು. ಬೆಳಿಗ್ಗೆ ಅವಳ ಹಾಸಿಗೆಯನ್ನು ಮಾಮಿ ಯಾರಿಗೂ ಕಾಣದಂತೆ ಹಿತ್ತಲಲ್ಲಿ ಒಣಗಿಸುತ್ತಿದ್ದಳು. ಇದೆಲ್ಲ ಯಾರ ಲೆಕ್ಕಕ್ಕೂ ಬಂದಿರಲಿಲ್ಲ, ಈಜು ಬಂದಿತ್ತಲ್ಲ.

ಬಾವಿ ಊರಾಚೆ ಮಾಮಾನ ಕಬ್ಬಿನ ಹೊಲದಲ್ಲಿತ್ತು. ಅಗಲವಾದ ಹಳೇ ಬಾವಿ, ಒಳಗೋಡೆಯಲ್ಲಿ ಚಾಚಿಕೊಂಡ ಕಲ್ಲುಗಳೇ ಮೆಟ್ಟಿಲು, ದಂಡೆಯ ಮೇಲೆ ಪಂಪ್‌ಸೆಟ್ಟಿನ ಕೋಣೆ. ಮಾಮಾ ಅಡುಗೆ ಎಣ್ಣೆಯ ಖಾಲಿ ಕ್ಯಾನನ್ನು ಹಗ್ಗದಿಂದ ನನ್ನ ಬೆನ್ನಿಗೆ ಬಿಗಿದು, ಒಂದು ಕೈಯಿಂದ ರಟ್ಟೆ, ಇನ್ನೊಂದರಿಂದ ಕಾಲು ಹಿಡಿದು, ಕಾಳಿನ ಚೀಲ ಎಸೆಯುವ ಹಾಗೆ ಎಸೆದ. ನಾನು ಕಿರುಚಿದ್ದು ನನಗೇ ಕೇಳಿಸಲಿಲ್ಲ, ಬಾಯಿ ತುಂಬ ನೀರು. ಕ್ಯಾನು ಮೇಲಕ್ಕೆತ್ತಿತು. ದಂಡೆಯ ಮೇಲೆ ಮಾಮಾ ಮೊಬೈಲಿನಲ್ಲಿ ವಿಡಿಯೋ ಮಾಡುತ್ತ ಕೈ ಬಡಿ, ಕಾಲು ಬಡಿ ಎಂದು ನಗುತ್ತಿದ್ದ. ಆ ವಿಡಿಯೋ ಸಂಜೆಯೊಳಗೆ ಬಳಗದ ಎಲ್ಲರ ಫೋನಿಗೂ ಹೋಯಿತು. ಬೆಳಗಾವಿಯಿಂದ ಅವ್ವ ಚಪ್ಪಾಳೆಯ ಚಿತ್ರ ಕಳಿಸಿದಳು.

ಇಲ್ಲೊಂದು ಮಾತು ಹೇಳಬೇಕು. ನಮ್ಮದು ಲಿಂಗವಂತರ ಮನೆ. ನನಗೆ ಚಿಕ್ಕಂದಿನಲ್ಲೇ ದೀಕ್ಷೆಯಾಗಿತ್ತು. ಬೆಳ್ಳಿಯ ಕರಡಿಗೆಯಲ್ಲಿ ಇಷ್ಟಲಿಂಗ, ಅದನ್ನು ಶಿವದಾರದಲ್ಲಿ ಕೊರಳಿಗೆ ಕಟ್ಟಿದ್ದರು. ನೀರಿಗಿಳಿಯುವ ಮೊದಲು ಮಾಮಿ ಅದನ್ನು ತೆಗೆದು ದೇವರ ಜಗಲಿಯ ಮೇಲೆ ಇಡೋಣ ಎಂದಳು. ನನ್ನ ಅವ್ವನ ತಾಯಿ, ಆಯಿ, ಒಪ್ಪಲಿಲ್ಲ. ಮೈಮೇಲಿನ ಲಿಂಗ ಒಂದು ಗಳಿಗೆಯೂ ಮೈ ಬಿಡಬಾರದು ಎಂದಳು. ಆ ಮನೆಯಲ್ಲಿ ಆಯಿ ಅಂದದ್ದೇ ಶಾಸನ. ಅರವತ್ತು ದಾಟಿದ, ಸಣಕಲು ಮೈಯ, ದೊಡ್ಡ ದನಿಯ ಹೆಂಗಸು. ಸಕ್ಕರೆ ಕಾಯಿಲೆ ಇತ್ತು, ಹೊತ್ತಿಗೆ ಸರಿಯಾಗಿ ಗುಳಿಗೆ, ಹೊತ್ತಿಗೆ ಸರಿಯಾಗಿ ಊಟ. ನನ್ನ ಮೇಲೆ ಅವಳಿಗೆ ಜೀವ. ನನಗೂ ಅವಳೆಂದರೆ ಜೀವ. ಹೆದರಿಕೆಯಾದ ರಾತ್ರಿ ಅವಳ ಸೆರಗಿನೊಳಗೆ ಮುಖ ಹುದುಗಿಸಿದರೆ ಮಾತ್ರ ನನಗೆ ನಿದ್ದೆ ಬರುತ್ತಿತ್ತು.

ಕೆಲವು ದಿನ ಕ್ಯಾನಿನ ಭರವಸೆಯಲ್ಲಿ ಕೈಕಾಲು ಬಡಿದೆ. ಅಷ್ಟಿಷ್ಟು ಧೈರ್ಯವೂ ಬರತೊಡಗಿತ್ತು. ಹಾಗೇ ಬಿಟ್ಟಿದ್ದರೆ ಕಲಿಯುತ್ತಿದ್ದೆನೋ ಏನೋ. ಮಾಮಾನಿಗೆ ಅಷ್ಟು ತಾಳ್ಮೆ ಎಲ್ಲಿಂದ ಬರಬೇಕು. ಅವನದೊಂದು ಉಪಾಯವಿತ್ತು, ತನ್ನ ಮಗಳ ಮೇಲೂ ಅದನ್ನೇ ಮಾಡಿದ್ದನಂತೆ. ಮಗುವಿಗೆ ಹೇಳದೆ ಕ್ಯಾನಿನ ಗಂಟನ್ನು ಸಡಿಲ ಬಿಡುವುದು. ನೀರಿನಲ್ಲಿ ಅದು ಕಳಚಿಕೊಂಡರೆ, ಜೀವಭಯಕ್ಕಾದರೂ ಮಗು ಈಜುತ್ತದೆ.

ಆ ದಿನ ಮಧ್ಯಾಹ್ನದ ಮೇಲೆ ಅವನು ನನ್ನನ್ನು ಎಸೆದಾಗ ಕ್ಯಾನು ಕಳಚಿತು. ಕಳಚುವಾಗ ಅದರ ಹಗ್ಗ ನನ್ನ ಶಿವದಾರಕ್ಕೆ ಸಿಕ್ಕಿಕೊಂಡಿತು. ಯಾರೋ ಕೊರಳು ಹಿಡಿದು ಎಳೆದ ಹಾಗಾಯಿತು, ಆಮೇಲೆ ದಾರ ಹರಿಯಿತು. ನಾನು ಈಜಲಿಲ್ಲ. ಮುಳುಗಿದೆ. ಹಸಿರು ನೀರು, ಕಿವಿಯಲ್ಲಿ ಗುಂಯ್ ಎನ್ನುವ ಸದ್ದು, ಮೂಗಿನೊಳಗೆ ಬೆಂಕಿ ಹೊಕ್ಕಂಥ ಉರಿ. ಮಾಮಾನ ಮಗಳು ಹಾರಿ ನನ್ನ ಜಡೆ ಹಿಡಿದು ಮೆಟ್ಟಿಲಿಗೆ ಎಳೆದು ತಂದಳು. ದಂಡೆಯ ಮೇಲೆ ಬೋರಲಾಗಿ ಬಿದ್ದು ನೀರು ಕಕ್ಕುತ್ತಿದ್ದೆ. ಪಂಪಿನ ಕೋಣೆಯ ನೆರಳಿನಲ್ಲಿ ಕೂತಿದ್ದ ಆಯಿ ಓಡಿ ಬಂದಳು. ಎದ್ದು ಅವಳ ಕಾಲನ್ನು ತಬ್ಬಿಕೊಂಡೆ. ಅವಳು ನನ್ನ ಗದ್ದ ಹಿಡಿದೆತ್ತಿ ಕೊರಳು ನೋಡಿದಳು.

“ಲಿಂಗ ಎಲ್ಲೈತಿ?”

ಸಾವಿನ ಬಾಯಿಂದ ಎದ್ದು ಬಂದ ಮೇಲೆ ನನ್ನ ಕಿವಿಗೆ ಬಿದ್ದ ಮೊದಲ ಮಾತು ಇದು. ನಾನು ಬಾವಿಯ ಕಡೆ ಕೈ ತೋರಿಸಿದೆ. ಆಯಿಯ ಮುಖ ಬೆಳ್ಳಗಾಯಿತು. ಗಂಟು ಸಡಿಲ ಬಿಟ್ಟವನು ಮಗ, ಲಿಂಗ ಕಟ್ಟಿಕೊಂಡೇ ಇಳಿಯಲಿ ಎಂದವಳು ತಾನು. ಆದರೂ ಗೂಬೆ ಕೂತದ್ದು ನನ್ನ ತಲೆಯ ಮೇಲೆ. ನೀರಿನಲ್ಲಿ ಹುಚ್ಚಿಯ ಹಾಗೆ ಒದ್ದಾಡಿದ್ದಕ್ಕೇ ದಾರ ಹರಿಯಿತು ಎಂದು ತೀರ್ಮಾನವಾಯಿತು.

ಆಮೇಲೆ ಆಯಿ ಕಟ್ಟಳೆ ಹೇಳಿದಳು. ಲಿಂಗ ಮೈಮೇಲಿಲ್ಲದವರು ಅನ್ನ ಮುಟ್ಟಬಾರದು, ನೀರು ಮುಟ್ಟಬಾರದು. ಸಿಗುವ ತನಕ ನನಗೆ ಏನೂ ಇಲ್ಲ. ನನ್ನ ಜೊತೆ ತಾನೂ ಉಪವಾಸ. ನಾನು ಅಷ್ಟು ಹೊತ್ತಿಗೆ ಬಾವಿಯಲ್ಲಿ ಬೇಕಾದಷ್ಟು ನೀರು ಕುಡಿದಾಗಿತ್ತು, ಮೊದಲ ತಾಸು ಬಾಯಾರಿಕೆ ಅನ್ನಿಸಲಿಲ್ಲ. ಮಾಮಾ, ಅವನ ಮಗಳು ಇಬ್ಬರೂ ಮುಳುಗಿ ಮುಳುಗಿ ಹುಡುಕಿದರು. ಬಿಂದಿಗೆ ತೆಗೆಯುವ ಪಾತಾಳಗರಡಿ ಇಳಿಸಿದರು, ಅದಕ್ಕೆ ಕರಡಿಗೆ ಎಲ್ಲಿ ಸಿಗಬೇಕು. ಪಂಪು ಹಚ್ಚಿ ಬಾವಿ ಖಾಲಿ ಮಾಡೋಣವೆಂದರೆ ತ್ರೀ ಫೇಸ್ ಕರೆಂಟು ಬರುವುದು ಮರುದಿನ ಬೆಳಿಗ್ಗೆ. ಅಲ್ಲಿಯ ತನಕ ಕಾಯಬೇಕು ಎಂದಾಯಿತು.

ಕಬ್ಬಿನ ಹೊಲದಲ್ಲಿ ಕಸ ತೆಗೆಯುತ್ತಿದ್ದ ಮರಾಠಿ ಹೆಂಗಸೊಬ್ಬಳು ದಂಡೆಗೆ ಬಂದು ನನ್ನನ್ನು ನೋಡಿದಳು. “ಪೋರೀಲಾ ಪಾಣೀ ತರೀ ದ್ಯಾ,” ಎಂದಳು, ಹುಡುಗಿಗೆ ನೀರಾದರೂ ಕೊಡಿರಿ ಎಂದು. ಆಯಿ ಅವಳಿಗೆ ಮರಾಠಿಯಲ್ಲೇ ಇದು ನಮ್ಮ ಮನೆಯ ಮಾತು ಎಂದು ಹೇಳಿ ಕಳಿಸಿದಳು.

ಸಂಜೆ ಮಾಮಾ ಬೆಳಗಾವಿಗೆ ಫೋನು ಹಚ್ಚಿದ. ಅಪ್ಪ ಬೇರೆ ಊರಿಗೆ ಹೋಗಿದ್ದರು, ಅವ್ವನೇ ಎತ್ತಿದಳು. ಮೊದಲು ಮಾಮಾನ ಜೊತೆ, ಆಮೇಲೆ ಮಾಮಿಯ ಜೊತೆ ಬಹಳ ಹೊತ್ತು ಮಾತಾಡಿದಳು. ಕೊನೆಗೆ ಫೋನು ನನ್ನ ಕೈಗೆ ಬಂತು. ಅವ್ವಾ, ನನ್ನನ್ನು ಕರೆದುಕೊಂಡು ಹೋಗು ಎಂದು ಅಳಬೇಕೆಂದಿದ್ದೆ. ಅವಳು ನನಗೆ ಬಾಯಿ ತೆರೆಯಲು ಬಿಡಲಿಲ್ಲ.

“ಆಯಿಗೆ ಶುಗರ್ ಐತಿ, ಗೊತ್ತೈತಿಲ್ಲೊ? ನಿನ್ನ ಸಂಬಂಧ ಆಕಿ ಉಪಾಸ ಕುಂತಾಳ. ನಾಳೆ ಅವರು ಹೇಳಿದಂಗ ಕೇಳು. ಆಕಿಗೇನರ ಹೆಚ್ಚುಕಡಿಮಿ ಆದ್ರ ಅದು ನಿನ್ನ ಮ್ಯಾಲೆ.”

ಆ ರಾತ್ರಿ ಆಯಿಯ ಸೆರಗು ನನಗೆ ಸಿಗಲಿಲ್ಲ. ಅವಳು ಒಳಕೋಣೆಯಲ್ಲಿ ಬಾಗಿಲು ಮುಂದೆ ಮಾಡಿಕೊಂಡು ಮಲಗಿದಳು. ನಾನು ಪಡಸಾಲೆಯಲ್ಲಿ ಒಣಗಿದ ನಾಲಿಗೆಯನ್ನು ಅಂಗುಳಿಗೆ ಅಂಟಿಸಿಕೊಂಡು, ಅವಳ ಉಸಿರು ಕೇಳುತ್ತದೋ ಇಲ್ಲವೋ ಎಂದು ಕಿವಿ ಹಚ್ಚಿಕೊಂಡು ಬಿದ್ದಿದ್ದೆ. ಶಾಲೆಯ ಮೈಕು, ಹಾಜರಿ, ಮೂಗು ಮುಚ್ಚಿಕೊಳ್ಳುವ ಹುಡುಗಿಯರು ಯಾರೂ ನೆನಪಾಗಲಿಲ್ಲ. ಒಂದು ಜೀವ ನನ್ನಿಂದ ಹೋಗುತ್ತದೆ ಎಂಬುದೊಂದೇ ತಲೆಯಲ್ಲಿತ್ತು. ಹನ್ನೆರಡು ವರ್ಷದ ಹುಡುಗಿಯ ತಲೆಯಲ್ಲಿ ಅದನ್ನು ಇಟ್ಟವರು ಆ ರಾತ್ರಿ ಚೆನ್ನಾಗಿ ನಿದ್ದೆ ಮಾಡಿದರು.

ಬೆಳಿಗ್ಗೆ ಪಂಪು ಶುರುವಾಯಿತು. ಬಾವಿಯ ನೀರು ಕಬ್ಬಿನ ಸಾಲುಗಳಲ್ಲಿ ಹರಿಯುತ್ತ ಹೋಯಿತು. ನಾನು ದಂಡೆಯಲ್ಲಿ ಕೂತು ಅದನ್ನು ನೋಡುತ್ತಿದ್ದೆ. ಒಂದು ಬೊಗಸೆ ಕುಡಿದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಕುಡಿಯಲಿಲ್ಲ, ಕುಡಿದರೆ ಆಯಿ ಸಾಯುತ್ತಾಳೆ. ಆಯಿಯನ್ನು ಪಂಪಿನ ಕೋಣೆಯ ನೆರಳಿನಲ್ಲಿ ಮಂಚ ಹಾಕಿ ಮಲಗಿಸಿದ್ದರು. ಕಣ್ಣು ಮುಚ್ಚಿ, ಹಣೆಯ ಮೇಲೆ ಮುಂಗೈ ಇಟ್ಟುಕೊಂಡಿದ್ದಳು. ಮಾಮಿ ಗಾಳಿ ಹಾಕುತ್ತಿದ್ದಳು. ನಡುನಡುವೆ ಆಯಿ ಸಣ್ಣಗೆ ನರಳುತ್ತಿದ್ದಳು.

ತಳ ಕಾಣುವ ಮೊದಲೇ ಕರೆಂಟು ಹೋಯಿತು. ಮಾಮಾನ ಮಗಳು ನಿಂತರೆ ಗದ್ದದ ತನಕ ಬರುವಷ್ಟು ನೀರು ಉಳಿದಿತ್ತು, ಕೆಸರು ಕಲಸಿ ಕೆಂಪಗಾದ ನೀರು. ಅವಳು ಇಳಿದು ತಡಕಾಡಿ, ಕಂಡಿತು ಎಂದು ಕೂಗಿದಳು. ಆ ರಾಡಿಯಲ್ಲಿ ಆನೆ ಇದ್ದರೂ ಕಾಣುತ್ತಿರಲಿಲ್ಲ. ಕರಡಿಗೆ ಅವಳ ಕಾಲಿಗೆ ತಾಗಿತ್ತು, ಹಾಗೆಂದರೆ ಏಟು ಬೀಳುತ್ತದೆಂದು ಕಂಡಿತು ಎಂದಿದ್ದಳು. ಎತ್ತಿಕೊಂಡು ಬಾ ಎಂದ ಮಾಮಾ. ಆಯಿ ಮಂಚದಿಂದ ಕೈ ಎತ್ತಿ ತಡೆದಳು. ಒಬ್ಬರ ಲಿಂಗವನ್ನು ಇನ್ನೊಬ್ಬರು ಮುಟ್ಟಬಾರದು. ಯಾರದೋ ಅವರೇ ಇಳಿದು ಎತ್ತಬೇಕು.

ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಒಲ್ಲೆ ಎಂದೆ. ಮಾಮಾ ಕಣ್ಣು ಕೆಂಪಗೆ ಮಾಡಲಿಲ್ಲ, ಬೈಯಲಿಲ್ಲ. ನನ್ನ ಭುಜ ಹಿಡಿದು ಮಂಚದ ಕಡೆ ತಿರುಗಿಸಿ, ನೋಡು ಎಂದ ಅಷ್ಟೇ. ಆಯಿಯ ತುಟಿ ಒಣಗಿತ್ತು. ಮತ್ತೊಮ್ಮೆ ನರಳಿದಳು.

ಇಳಿದೆ. ಒಂದೊಂದು ಕಲ್ಲಿಗೂ ಪಾಚಿ, ಒಂದೊಂದು ಕಲ್ಲಿಗೂ ನಾನು ಮುಖ ಹಚ್ಚಿಕೊಂಡು ನಿಂತೆ. ನಡುವೆ ಒಂದು ಕಡೆ ಕಾಲಿನಿಂದ ಬೆಚ್ಚಗೆ ಉಚ್ಚೆ ಇಳಿಯಿತು. ಮೇಲಿನಿಂದ ನೋಡುತ್ತಿದ್ದವರಿಗೆ ಅದು ಕಂಡಿತೋ ಇಲ್ಲವೋ. ಕೆಳಗೆ ಮಾಮಾನ ಮಗಳು ಕಾಯುತ್ತಿದ್ದಳು. ಅವಳು ನನ್ನ ಕೈ ಹಿಡಿದುಕೊಂಡಳು. ಏನೋ ಹೇಳಲು ಬಾಯಿ ತೆರೆದಳು. ಮೇಲೆ ತನ್ನ ಅಪ್ಪ ನಿಂತದ್ದನ್ನು ನೋಡಿ ಮುಚ್ಚಿಕೊಂಡಳು. ಆಮೇಲೆ, ಇಲ್ಲೇ ಐತಿ, ಬಗ್ಗು ಎಂದಳು.

ಬಗ್ಗಿದೆ. ನೀರು ತಲೆಯ ಮೇಲೆ ಮುಚ್ಚಿಕೊಂಡಿತು. ಮತ್ತೆ ಅದೇ ಗುಂಯ್ ಎನ್ನುವ ಸದ್ದು. ಹೆದರಿಕೆ ಎಲ್ಲಿಗೂ ಹೋಗಿರಲಿಲ್ಲ, ಎದೆಯ ಮೇಲೇ ಕೂತಿತ್ತು, ಅದನ್ನು ಹೊತ್ತುಕೊಂಡೇ ಕೆಸರಿನಲ್ಲಿ ಬೆರಳಾಡಿಸಿದೆ. ಬೆಳ್ಳಿಯ ತಣ್ಣಗಿನ ದುಂಡು ಬೆರಳಿಗೆ ಹತ್ತಿತು. ಅದನ್ನು ಮುಷ್ಟಿಯಲ್ಲಿ ಹಿಡಿದು ಎದ್ದಾಗ ಮೇಲಿದ್ದವರೆಲ್ಲ ಚಪ್ಪಾಳೆ ತಟ್ಟಿದರು. ಮಾಮಾ ಮೊಬೈಲು ಹಿಡಿದಿದ್ದ. ನಾನು ಯಾರನ್ನೂ ನೋಡಲಿಲ್ಲ. ಮೆಟ್ಟಿಲು ಏರಿ ಮಂಚದ ಹತ್ತಿರ ಓಡಿ, ಆಯಿ, ಸಿಕ್ಕಿತು, ಈಗ ಉಣ್ಣು ಎಂದು ಅವಳ ಮೈಮೇಲೆ ಬಿದ್ದು ಅತ್ತೆ. ಅವಳು ನನ್ನ ಬೆನ್ನು ತಟ್ಟಿದಳು. ಎದ್ದು ಕೂತು, ನನ್ನ ಕೈಯಿಂದಲೇ ಲಿಂಗಕ್ಕೆ ಮಜ್ಜನ ಮಾಡಿಸಿ, ಹೊಸ ಶಿವದಾರ ಹಾಕಿಸಿ, ಕೊರಳಿಗೆ ಕಟ್ಟಿಸಿದಳು. ಆಮೇಲೆ ನನಗೆ ನೀರು ಕೊಟ್ಟರು. ತಂಬಿಗೆ ಎತ್ತಿ ಕುಡಿದದ್ದು ಹೆಚ್ಚಾಗಿ ವಾಂತಿಯಾಯಿತು.

ಸಂಜೆ ಅಪ್ಪ ಅವ್ವ ಇಬ್ಬರೂ ಬೆಳಗಾವಿಯಿಂದ ಬಂದರು. ಮಾಮಿ ಹೋಳಿಗೆ ಮಾಡಿದ್ದಳು. ಎಲ್ಲರೂ ಸಾಲಾಗಿ ಉಣ್ಣಲು ಕೂತರು. ನಾನು ನನ್ನ ತಾಟು ಬಿಟ್ಟು ಎದ್ದು, ಆಯಿಯ ತಾಟಿಗೆ ರೊಟ್ಟಿ ಹಾಕುತ್ತ ಹೋದೆ. ಬಹಳ ಹಸಿದಿದ್ದೀ, ಇನ್ನೊಂದು ಉಣ್ಣು ಎಂದು ಒತ್ತಾಯ ಮಾಡಿದೆ. ಮಾಮಾನಿಗೆ ನಗು ತಡೆಯಲಾಗಲಿಲ್ಲ. ಆಯಿ ಹಸಿದಿಲ್ಲ, ನಿನ್ನೆ ಸಂಜೆ ಹಿತ್ತಲಲ್ಲಿ ಕೂತು ರೊಟ್ಟಿ ಪಲ್ಲೆ ಹೊಡೆದಿದ್ದಾಳೆ, ಇವತ್ತು ಬೆಳಿಗ್ಗೆ ಉಪ್ಪಿಟ್ಟು ತಿಂದು ಗುಳಿಗೆ ನುಂಗಿಯೇ ಮಂಚದ ಮೇಲೆ ಮಲಗಿದ್ದು ಎಂದ. ಮಾಮಿ ಬಾಯಿಗೆ ಸೆರಗು ಹಿಡಿದು ನಕ್ಕಳು. ಆಯಿಯೂ ನಕ್ಕಳು. ನಾನು ಅವ್ವನ ಕಡೆ ನೋಡಿದೆ. ಅವಳೂ ನಗುತ್ತಿದ್ದಳು.

“ಶುಗರ್ ಇದ್ದಾಕಿನ್ನ ಖರೇನ ಉಪಾಸ ಕೆಡವಾಕ ಬರ್ತೈತೇನ? ನಾನ ಫೋನಿನ್ಯಾಗ ಹೇಳಿದ್ನಿ, ಆಕಿಗೆ ಉಣಸ್ರಿ, ಇಕಿಗೆ ತಿಳೀಬಾರದು ಅಂತ. ಇಲ್ಲಾಂದ್ರ ನೀ ಇಳೀತಿದ್ದೇನ?”

ಇಳಿಯುತ್ತಿರಲಿಲ್ಲ. ಅದಂತೂ ನಿಜ. ನನಗೇಕೆ ಒಂದು ಗುಟುಕು ನೀರು ಕೊಡಲಿಲ್ಲ ಎಂದು ಕೇಳಿದೆ. ಲಿಂಗ ಕಳೆದದ್ದು ನಿನ್ನದಲ್ಲವೇ ಎಂದಳು ಆಯಿ, ಕೋಪವಿಲ್ಲದೆ, ಪ್ರೀತಿಯಿಂದಲೇ. ಹಿತ್ತಲಿಗೆ ಆಯಿಯ ತಾಟು ಒಯ್ದು ಕೊಟ್ಟವಳು ಮಾಮಾನ ಮಗಳು. ಈಗ ತಲೆ ತಗ್ಗಿಸಿಕೊಂಡು ಹೋಳಿಗೆಯನ್ನು ಚೂರು ಚೂರು ಮಾಡುತ್ತಿದ್ದಳು. ಯಾವ ಆಳಕ್ಕೆ ಬೇಕಾದರೂ ಹಾರುತ್ತಿದ್ದ ಹುಡುಗಿಗೆ ಬಾವಿಯ ತಳದಲ್ಲಿ ಒಂದು ಮಾತು ಹೇಳುವ ಧೈರ್ಯವಾಗಿರಲಿಲ್ಲ. ನನಗೆ ಅವಳ ಮೇಲೆ ಮಾತ್ರ ಸಿಟ್ಟು ಬರಲಿಲ್ಲ. ಅಪ್ಪ ನಗಲೂ ಇಲ್ಲ, ಯಾರನ್ನೂ ಬೈಯಲೂ ಇಲ್ಲ. ಊರಿಗೆ ಮರಳಿದ ಮೇಲೆ ಮಠದ ಸ್ವಾಮಿಗಳಿಗೆ ಇದನ್ನು ಹೇಳಿದರಂತೆ. ಮಗುವಿಗೆ ನೀರು ಕೊಡಬೇಡಿ ಎಂದು ಯಾರು ಹೇಳಿದ್ದು ಎಂದು ಸ್ವಾಮಿಗಳು ರೇಗಿದರಂತೆ. ಆ ರೇಗುವಿಕೆ ನಂದಗಡದ ತನಕ ಮುಟ್ಟಲೇ ಇಲ್ಲ.

ಶಾಲೆ ಶುರುವಾಯಿತು. ಪ್ರಾರ್ಥನೆಯಲ್ಲಿ ನನ್ನ ಪಾಳಿ ಬಂತು. ಮೈಕಿನ ಮುಂದೆ ನಿಂತು ಸುದ್ದಿಯನ್ನೆಲ್ಲ ಒಂದೂ ತಪ್ಪಿಲ್ಲದೆ ಓದಿದೆ. ಹೊಟ್ಟೆ ತೊಳಸಲಿಲ್ಲ, ಬಾಯಿ ಒಣಗಲಿಲ್ಲ. ಎದುರಿಗೆ ನಿಂತಿದ್ದ ಅಷ್ಟೂ ಜನ ಪರಕೀಯರು, ಅವರು ನನಗೆ ಏನು ಮಾಡಿಯಾರು. ಮುಖ್ಯೋಪಾಧ್ಯಾಯಿನಿ ಅಪ್ಪನನ್ನು ಕರೆಸಿ ಹೊಗಳಿದರು. ಮಾಮಾನ ಹೆಸರು ನಮ್ಮ ಬಡಾವಣೆಯ ತುಂಬ ಹರಡಿತು. ಮುಂದಿನ ಬೇಸಿಗೆಗೆ ಮೂಗು ಮುಚ್ಚಿಕೊಳ್ಳುತ್ತಿದ್ದವರಲ್ಲೇ ಒಬ್ಬಳನ್ನು ಅವಳ ತಾಯಿ ನಂದಗಡಕ್ಕೆ ಕಳಿಸಿದಳು. ಮಾಮಾನ ಉಪಾಯ ಫಲಿಸಿತು, ಇಲ್ಲ ಎಂದರೆ ನನ್ನ ಬಾಯಿಗೆ ಹುಳ ಬೀಳಲಿ. ನನಗೆ ಈಗಲೂ ಯಾವ ಸಭೆಯಲ್ಲೂ ಹೆದರಿಕೆಯಿಲ್ಲ. ಯಾರಾದರೂ ನಿನಗೋಸ್ಕರ ಎಂದು ಮಾತು ಶುರು ಮಾಡಿದರೆ ಮಾತ್ರ, ಇವರು ಊಟ ಮಾಡಿಯೇ ಬಂದಿದ್ದಾರೆ ಅನ್ನಿಸುತ್ತದೆ.

ಈಗ ಬೆಳಗಾವಿಯಲ್ಲೇ, ರಾಮತೀರ್ಥ ನಗರದಲ್ಲಿ ಒಂದು ಬಾಡಿಗೆ ಮನೆ ಹಿಡಿದು ಒಬ್ಬಳೇ ಇದ್ದೇನೆ. ಆಫೀಸಿದೆ, ಸಂಬಳವಿದೆ. ಹೋದ ವರ್ಷ ಒಂದು ಭಾನುವಾರ ಬೆಳಿಗ್ಗೆ ಅವ್ವ ನಂದಗಡದಿಂದ ಫೋನು ಮಾಡಿದಳು. ಆಯಿಗೆ ಬಹಳ ತ್ರಾಸವಾಗಿದೆ, ನಿನ್ನ ಹೆಸರು ಹೇಳುತ್ತಿದ್ದಾಳೆ, ಲಗೂನೆ ಬಾ ಎಂದಳು. ದನಿ ನಡುಗುತ್ತಿತ್ತು. ನಡುಗುವ ದನಿ ನನಗೆ ಹೊಸದಲ್ಲ. ಆ ವಾರವಷ್ಟೇ ಒಂದು ಗಂಡಿನ ಸಂಬಂಧಕ್ಕೆ ನಾನು ಒಲ್ಲೆ ಎಂದಿದ್ದೆ, ಊರಿಗೆ ಕರೆಸಿ ಒಪ್ಪಿಸುವ ಹುನ್ನಾರ ಎಂದುಕೊಂಡೆ. ಬರುತ್ತೇನೆ ಎಂದು ಫೋನಿಟ್ಟೆ. ಬಟ್ಟೆ ಒಗೆದು ಒಣ ಹಾಕಿದೆ. ಅನ್ನಕ್ಕಿಟ್ಟೆ. ಊಟ ಮಾಡಿ, ಒಂದು ಗಳಿಗೆ ಅಡ್ಡಾಗಿ, ಚಹಾ ಕುಡಿದು ಬಸ್ಸು ಹತ್ತಿದೆ.

ಮುಟ್ಟುವ ಹೊತ್ತಿಗೆ ಆಯಿಯನ್ನು ಪಡಸಾಲೆಯ ಗೋಡೆಗೆ ಒರಗಿಸಿ ಕೂಡಿಸಿದ್ದರು. ಹಣೆಯ ತುಂಬ ವಿಭೂತಿ. ಮಧ್ಯಾಹ್ನದ ತನಕ ಜೀವ ಇತ್ತಂತೆ, ಬಾಗಿಲ ಕಡೆಯೇ ನೋಡುತ್ತಿದ್ದಳಂತೆ. ಅವ್ವ ಎದ್ದು ಬಂದು ನನ್ನ ತೋಳು ಹಿಡಿದಳು, ಮುಂಜಾನೆ ಹೇಳಿದರೆ ಈಗ ಬರುವುದೇ, ಯಾಕೆ ತಡ ಮಾಡಿದೆ ಎಂದು ಕೇಳಿದಳು.

“ಅವತ್ತ ಆಯಿ ಉಪಾಸ ಅದಾಳ ಅಂತ ಹೇಳಿದ್ರೆಲ್ಲ, ಹಂಗ ಇದೂ ಅಂತ ತಿಳಕೊಂಡ್ನಿ.”

ಅವ್ವ ನನ್ನ ಮುಖವನ್ನೇ ನೋಡಿದಳು. ಮರೆತಿರಲಿಲ್ಲ ಅವಳು. ಹಿಡಿದಿದ್ದ ತೋಳು ಬಿಟ್ಟು, ಸುತ್ತ ಕೂತವರನ್ನೊಮ್ಮೆ ನೋಡಿ, ದನಿ ತಗ್ಗಿಸಿದಳು.

“ಈ ಮಾತ ಯಾರ ಮುಂದೂ ಅನಬ್ಯಾಡ.”

ಇಲ್ಲಿಯವರೆಗೆ ನಾನು ಯಾರ ಮುಂದೂ ಅಂದಿರಲಿಲ್ಲ.